ಒಂದೇ ಹೆಸರಿನ ಎರಡು ಸಾಲು

ಎರಡು ಅಕ್ಷರಕ್ಕೆ ನೂರು ರೂಪಾಯಿ. ಕೆತ್ತುವವನನ್ನು ವಾಡಿಯಿಂದ ಶಹಾಬಾದಿನ ಹಳೆಯ ಕಲ್ಲುಖಣಿಯ ತನಕ ಕರೆತರಲು ಆಟೋಕ್ಕೆ ಐದುನೂರು. ಸತ್ತವರ ಕಲ್ಲಿನ ಮೇಲೆ ನಮ್ಮ ಮೇಸ್ತ್ರಿಯ ಹೆಸರಿನ ಮುಂದೆ ‘ಕೊಡ್ಲಿ’ ಎಂದು ಅವರ ಊರು ಸೇರಿಸಲು ಇಷ್ಟು ಖರ್ಚು. ಕೆತ್ತುವವನು ಕಲ್ಲಿಗೆ ನೀರು ಚಿಮುಕಿಸಿ ಒರೆಸಿದ. ಬಿಸಿಲಿಗೆ ಕಾದ ಕಲ್ಲಿನಿಂದ ಹಸಿ ಸುಣ್ಣದಂಥ ವಾಸನೆ ಎದ್ದಿತು. ಮೇಸ್ತ್ರಿ ನನ್ನ ಬೆನ್ನ ಹಿಂದೆಯೇ ನಿಂತಂತಾಯಿತು...

ನೆಲಕ್ಕೆ ಹಾಸುವ ಹೊಸ ಫರಸಿ ಕಲ್ಲಿನ ಮೇಲೆ ಅವರೂ ಹೀಗೆ ನೀರು ಎರಚಿ, ಬೀಡಿ ಹಚ್ಚಿಕೊಂಡು ಕೂತುಬಿಡುತ್ತಿದ್ದರು. ಬೀಡಿ ಮುಗಿಯುವುದರೊಳಗೆ ಕಲ್ಲು ಆರಿ, ಬಿರುಕು ಇದ್ದಲ್ಲಿ ಮಾತ್ರ ಕೂದಲೆಳೆಯಷ್ಟು ತೇವ ಉಳಿದಿರುತ್ತಿತ್ತು. ಲಾರಿಗೆ ಕಲ್ಲು ತುಂಬುತ್ತಿದ್ದ ನಾನು ಇವತ್ತು ಸ್ವಂತ ಪಾಲಿಶ್ ಯಾರ್ಡ್ ಇಟ್ಟಿದ್ದೇನೆಂದರೆ ಅವರು ಕಲಿಸಿದ ಆ ವಿದ್ಯೆಯಿಂದಲೇ. ಎಲ್ಲದಕ್ಕೂ ಚೌಕಾಸಿ ಮಾಡುತ್ತೇನೆಂದು ನನ್ನನ್ನು ಸೌದಾಗರ ಎನ್ನುತ್ತಿದ್ದರು. “ಸೌದಾಗರ, ನಿನ್ನ ಲಗ್ನದಾಗ ಅಯ್ಯನವರು ಮಂತ್ರಾನೂ ಅರ್ಧಕ್ಕ ಬಿಡಬೇಕಾಗ್ತದ ನೋಡು.”

ಆ ದಿನವೂ ಅವರೇ ಕಳಿಸಿದ್ದು. “ಲಾರಿ ಬಾಡಿಗಿ ಏರಸ್ಯಾರಂತ. ನೀ ಹೋಗಿ ಇಳಸಿಕೊಂಡು ಬಾ.” ಲಾರಿಯವರು ಒಪ್ಪಿದ ಮೇಲೂ ಇನ್ನೊಂದು ಐವತ್ತು ಇಳಿಯಲೆಂದು ಕೂತೆ. ಮರಳಿ ಬರುವಷ್ಟರಲ್ಲಿ ಮಳೆಗೆ ನೆನೆದ ಖಣಿಯ ಗೋಡೆ ಕುಸಿದಿತ್ತು. ಕೆಳಗೆ ಏಳು ಜನ. ಮೇಸ್ತ್ರಿಯೂ...

ಕೂಲಿಯವರೆಲ್ಲ ಪಟ್ಟಿ ಹಾಕಿ ರೊಕ್ಕ ಕೂಡಿಸಿ, ನೆನಪಿನ ಕಲ್ಲು ನಿಲ್ಲಿಸುವ ವ್ಯವಹಾರ ನನಗೆ ಒಪ್ಪಿಸಿದರು. ಕೆತ್ತುವವರು ಅಕ್ಷರದ ಲೆಕ್ಕದಲ್ಲಿ ಕೇಳುತ್ತಾರೆ. ನಮ್ಮ ಕಡೆ ಹೆಸರಿನ ಮುಂದೆ ಊರು ಬರುತ್ತದೆ, ಮನೆತನದ ಗುರುತೇ ಅದು. ಹೆಸರು ಬರೆದ ಚೀಟಿಯಲ್ಲಿ ನಾನು ಊರುಗಳನ್ನೆಲ್ಲ ಹೊಡೆದುಹಾಕಿಸಿದೆ. “ಯಾರು ಯಾವ ಊರಾವರು ನಮ್ಮ ಮಂದಿಗೆ ಗೊತ್ತಿಲ್ಲೇನು?” ಎಂದೆ. ಉಳಿದ ರೊಕ್ಕದಲ್ಲಿ ಎಲ್ಲರಿಗೂ ಊಟವಾಯಿತು, ನನ್ನ ಬೆನ್ನು ತಟ್ಟಿದರು. ಕಲ್ಲು ನಿಂತ ಮೇಲೆ ನೋಡಿದರೆ ಮೂರನೆಯ ಸಾಲೂ ನಾಲ್ಕನೆಯ ಸಾಲೂ ಒಂದೇ ಹೆಸರು. ಒಂದು ಮೇಸ್ತ್ರಿಯದು, ಇನ್ನೊಂದು ಸೇಡಂ ಕಡೆಯಿಂದ ಬಂದಿದ್ದ ಕೂಲಿಯವನದು. ಯಾವುದು ಯಾರದೆಂದು ಕೆತ್ತಿದವನಿಗೂ ಗೊತ್ತಿರಲಿಲ್ಲ. ಆಗ ಅದು ದೊಡ್ಡ ಮಾತು ಅನ್ನಿಸಲಿಲ್ಲ. ಖಣಿ ಮುಚ್ಚಿತು. ಗೊತ್ತಿದ್ದ ಮಂದಿ ಸಿಮೆಂಟ್ ಕಾರ್ಖಾನೆಗಳ ಕಡೆ ಚದುರಿದರು.

ನಾನೂ ಆ ಕಡೆ ಹೋಗುವುದನ್ನು ಬಿಟ್ಟಿದ್ದೆ. ಮೇಸ್ತ್ರಿಯ ಹೆಂಡತಿ ಮಾತ್ರ ವರ್ಷಕ್ಕೊಮ್ಮೆ ಕೊಡ್ಲಿಯಿಂದ ಬಸ್ಸು ಹಿಡಿದು ಬರುತ್ತಾರೆಂದು ಈಚೆಗೆ ತಿಳಿಯಿತು. ನಾಚಿಕೆಯಾಯಿತು. ಅವರಿಗಾದರೂ ತಮ್ಮ ಸಾಲು ಯಾವುದೆಂದು ಗೊತ್ತಿರುತ್ತದೆಂದುಕೊಂಡು, ಅವರು ಬರುವ ದಿನವೇ ಕೆತ್ತುವವನನ್ನೂ ಕರೆಸಿದೆ.

ಖಣಿ ಈಗ ಹಸಿರು ನೀರಿನ ಹೊಂಡ. ಕೆತ್ತುವವನು ಉಳಿ ಹಿಡಿದು, “ಯಾವ ಸಾಲಿಗಿ ಬರೀಲಿ ರೀ?” ಎಂದು ಕೇಳಿದ.

ನಾನು ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿದೆ. “ಅವ್ವಾ, ನೀವು ಯಾವುದಕ್ಕ ಹೂವ ಏರಸ್ತೀರಿ?”

“ಎರಡಕ್ಕೂ ಏರಸ್ತೀನಪ್ಪ. ನಮ್ಮದು ಯಾವುದು ನನಗೇನು ಗೊತ್ತು? ನೀನೇ ನಿಂತು ಬರಸೀದಿ.” ಬೈದ ದನಿಯಲ್ಲ ಅದು. ಬೈದಿದ್ದರೆ ಹಗುರಾಗುತ್ತಿತ್ತು. “ಈಗ ಒಂದಕ್ಕ ಕೊಡ್ಲಿ ಅಂತ ಬರಸಿದ್ರ ಇನ್ನೊಂದು ಬ್ಯಾರೆಯವರದಾಗ್ತದ. ಅವರ ಕಡಿಂದ ಯಾರೂ ಬರಂಗಿಲ್ಲ. ನಾನೂ ಬಿಟ್ರ ಆ ಸಾಲಿಗಿ ಯಾರ ಅದಾರ?”

“ಹಂಗಾದ್ರ ಬರಸೋದು ಬ್ಯಾಡೇನ್ರಿ?”

“ಬರಸು. ಮೊದಲ ಅವರ ಊರು ಯಾವುದು ಕೇಳಿಕೊಂಡು ಬಾ. ಯಾವುದಕ್ಕಾದ್ರೂ ಒಂದಕ್ಕ ಅವರದು ಬರದ ಮ್ಯಾಲ ಉಳಿದದ್ದು ನಮ್ಮವರದು.”

ಕೆತ್ತುವವನು ಉಳಿಯನ್ನು ಚೀಲಕ್ಕೆ ಹಾಕಿದ. ಆಕೆ ಎರಡೂ ಸಾಲಿಗೆ ಹೂವಿಟ್ಟರು. ಒಂದಕ್ಕೆ ಹಣೆ ಹಚ್ಚಿ ಮೇಸ್ತ್ರಿ ಎಂದು ಕರೆಯಬೇಕೆನ್ನಿಸಿತು ನನಗೆ. ಯಾವುದಕ್ಕೆಂದು ತಿಳಿಯದೆ ಎರಡರ ನಡುವೆ ಅಂಗೈ ಇಟ್ಟು ನಿಂತೆ...

ಊರುಗಳಿದ್ದ ಆ ಚೀಟಿ ಎಂದೋ ಕಳೆದುಹೋಗಿದೆ. ಈಗ ರವಿವಾರಕ್ಕೊಮ್ಮೆ ಸೇಡಂ ಕಡೆಯ ಹಳ್ಳಿಗಳಲ್ಲಿ ಆ ಕೂಲಿಯವನ ಮನೆ ಕೇಳಿಕೊಂಡು ಬರುತ್ತೇನೆ. ಇನ್ನೂ ಸಿಕ್ಕಿಲ್ಲ.

ಓದುವವರಿಗೆ ಒಂದು ಮಾತು. ಸತ್ತವರ ಕಲ್ಲು ನಿಲ್ಲಿಸುವಾಗ ಕಲ್ಲಿನ ದರಕ್ಕೆ, ಸಾಗಾಣಿಕೆಗೆ ಬೇಕಾದಷ್ಟು ಚೌಕಾಸಿ ಮಾಡಿರಿ. ಅಕ್ಷರಕ್ಕೆ ಮಾಡಬೇಡಿರಿ. ಊರು, ತಂದೆಯ ಹೆಸರು ಪೂರ್ತಿ ಬರೆಸಿರಿ. ಸಾಲಿನ ನಡುವೆ ಎರಡು ಬೆರಳು ಜಾಗ ಬಿಡಿಸಿರಿ. ಉಳಿ ತಾಗುವ ಮೊದಲು, ಬರೆದದ್ದನ್ನು ಸತ್ತವರ ಮನೆಗೆ ಒಯ್ದು ಅವರ ಹೆಂಡತಿಗೆ ಒಮ್ಮೆ ಓದಿ ಹೇಳಿರಿ.