ಇಳಿಯದ ಪೆಟ್ಟು

ದೆವ್ವ ಗಿವ್ವ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬಂಕಾಪುರದ ಕೋಟೆಯ ಮಗ್ಗುಲಿಗೆ ಮನೆ. ನವಿಲು ಕೂಗಿದರೆ ಹೆಂಗಸು ಅಳುತ್ತಿದ್ದಾಳೆ ಎಂದು ಮಕ್ಕಳನ್ನು ಹೆದರಿಸುವ ಮಂದಿಯ ನಡುವೆ ಬಾಳ್ವೆ. ಎಲ್ಲದಕ್ಕೂ ಹೆದರುತ್ತ ಕೂತರೆ ಚಹಾ ಕುದಿಸುವವರು ಯಾರು? ಹೆದ್ದಾರಿ ಪಕ್ಕದ ರೆಸಾರ್ಟಿನ ಗಾಲ್ಫ್ ಮೈದಾನದಲ್ಲಿ ನನ್ನದು ಕ್ಯಾಂಟೀನು. ಫರ್ಹತಕ್ಕನ ಚಹಾ ಎಂದರೆ ಹುಬ್ಬಳ್ಳಿಯ ಸಾಹುಕಾರರೂ ಇನ್ನೊಂದು ಕಪ್ಪು ಕೇಳುತ್ತಾರೆ. ಜಂಬಕ್ಕೆ ಹೇಳಿದ್ದಲ್ಲ, ನನ್ನ ತಲೆ ನೆಟ್ಟಗಿದೆ ಎಂದು ಮೊದಲೇ ಗೊತ್ತಿರಲಿ ಅಂತ ಹೇಳಿದೆ. ಮುಂದಿನದನ್ನು ಕೇಳಿ ಇವಳಿಗೇನೋ ಬಡಿದಿದೆ ಅನ್ನಬೇಡಿ.

ಮೈದಾನ ಎಂದೆನಲ್ಲ, ಭಾರಿ ಏನಲ್ಲ. ಗೊಟಗೋಡಿಯ ರಾಕ್ ಗಾರ್ಡನ್ ನೋಡಿ ಬಂದವರು ಒಂದು ಕಡೆ ನಿಂತು ಕೋಲು ಬೀಸಿ ಚೆಂಡು ಹಾರಿಸುವ ಹುಲ್ಲಿನ ಬಯಲು, ಸುತ್ತ ಬಲೆ. ಆ ಚೆಂಡುಗಳನ್ನು ಆರಿಸಿ ತರುವ ಕೆಲಸ ಕೊಟ್ರೇಶನದು. ಹಾನಗಲ್ ಕಡೆಯ ಹಳ್ಳಿಯ ಕಮ್ಮಾರರ ಮಗ, ಮೂವತ್ತು ದಾಟಿದವನು. ತೋಳು ನೋಡಿದರೆ ಬೇವಿನ ಬೊಡ್ಡೆ, ಮಾತು ಮಾತ್ರ ಕಾಡಿ ಬೇಡಿ ಇಸಿದುಕೊಳ್ಳಬೇಕು. ಅಪ್ಪ ಗುತ್ತೆಪ್ಪ ಸತ್ತ ಮೇಲೆ ಕುಲುಮೆ ಆರಿತು. ತಾಯಿ ಅಡಿವೆವ್ವನನ್ನು ಕರೆದುಕೊಂಡು ಬಂದು ನಮ್ಮ ಓಣಿಯಲ್ಲೇ ಖೋಲಿ ಹಿಡಿದ.

ಹುಬ್ಬಳ್ಳಿಯಿಂದ ರವಿವಾರಕ್ಕೊಮ್ಮೆ ಬರುವ ಕೋಚ್ ಹುಲಗೇಶ ಇವನ ತೋಳು ನೋಡಿಯೇ ಮರುಳಾದ. ತಾನಿಲ್ಲದ ದಿನ ಬಂದವರಿಗೆ ಕೋಲು ಹಿಡಿಯುವುದನ್ನು ತೋರಿಸಲು ಒಬ್ಬ ಬೇಕು, ಇವನನ್ನು ತಯಾರು ಮಾಡುತ್ತೇನೆ ಎಂದು ಮಾಲೀಕನಿಗೆ ಹೇಳಿದ. ಮಾಲೀಕ ಏನು ಕಮ್ಮಿ ಆಸಾಮಿಯೇ? ತನ್ನ ಕಣ್ಣೆದುರು ಚೆಂಡನ್ನು ದೂರದ ಕೆಂಪು ಬಾವುಟ ದಾಟಿಸಲಿ, ಆಮೇಲೆ ನೋಡೋಣ ಎಂದ. ಚೆಂಡು ಆರಿಸಲು ಯಂತ್ರ ಬರುವುದಿತ್ತು. ಬಾವುಟ ದಾಟಿದರೆ ಕೊಟ್ರೇಶ ಕಲಿಸುವವನು, ದಾಟದಿದ್ದರೆ ಮನೆಗೆ.

ಕಲಿಯುವಾಗ ಒಂದು ಸಲವೂ ದಾಟಲಿಲ್ಲ. ಹತ್ತಿರವೂ ಹೋಗಲಿಲ್ಲ. ಕೋಲನ್ನು ಚೆಂದವಾಗಿ ಹಿಂದಕ್ಕೆ ಎತ್ತುತ್ತಿದ್ದ, ಹೆಗಲ ಮೇಲೆ ಹೋದದ್ದೇ ನಿಂತುಬಿಡುತ್ತಿದ್ದ, ಕಂಬದ ಹಾಗೆ. ಆಮೇಲೆ ಬರೀ ಕೈಯಿಂದ ಎಳೆದು ಹೊಡೆಯುತ್ತಿದ್ದ. ವೇಗ ಅಳೆಯುವ ಸಣ್ಣ ಪೆಟ್ಟಿಗೆಯೊಂದು ಹುಲಗೇಶನ ಹತ್ತಿರ ಇತ್ತು, ಅದಕ್ಕೂ ನಾಚಿಕೆಯಾಗುವಂಥ ಅಂಕಿ ಬರುತ್ತಿತ್ತು.

ಹುಲಗೇಶ ಸಿಟ್ಟಿನವನಲ್ಲ. ಕೂರಿಸಿಕೊಂಡು ತಿಳಿಹೇಳಿದ. ಕೋಲು ಇನ್ನೂ ಮೇಲೆ ಏರುತ್ತಿರುವಾಗಲೇ ಎಡಗಾಲು ನೆಲವನ್ನು ಒತ್ತಬೇಕು, ಸೊಂಟ ಮುಂದಕ್ಕೆ ತಿರುಗಬೇಕು, ಕೈ ಹಿಂದಿನಿಂದ ಬರಬೇಕು. ಏರುವುದು ಮುಗಿಯುವ ಮೊದಲೇ ಇಳಿಯುವುದು ಕಾಲಿನಲ್ಲಿ ಶುರುವಾಗಿರಬೇಕು. ಬಾರಕೋಲು ಬೀಸಿದ ಹಾಗೆ, ಹಿಡಿಕೆ ಮೊದಲು, ತುದಿ ಕೊನೆಗೆ. ಆಗ ಕೋಲಿನ ತಲೆಗೆ ತಾನೇ ವೇಗ ಹುಟ್ಟುತ್ತದೆ. ನಡುವೆ ನಿಂತರೆ ಕೂಡಿಸಿದ ಕಸುವೆಲ್ಲ ಸೋರಿಹೋಗುತ್ತದೆ. ಕೊಟ್ರೇಶ ತಲೆಯಾಡಿಸಿ, ಚೆಂಡಿಲ್ಲದೆ ಬೀಸಿ ತೋರಿಸಿದ. ಗಾಳಿ ಸುಯ್ಯೆಂದಿತು. ಚೆಂಡು ಇಟ್ಟರೆ ಮತ್ತೆ ಕಂಬ.

ನಾನು ಸುಮ್ಮನಿರುವ ಜಾತಿಯಲ್ಲ. ಒಂದು ಮಧ್ಯಾಹ್ನ ಚಹಾ ಕೊಟ್ಟು ಬೈದೆ. ಬಾಯಿಗೆ ಬಂದ ತುತ್ತು ಬಿಟ್ಟು ಮೇಲೆ ನೋಡುತ್ತ ಕೂತರೆ ಕಾಗೆ ಒಯ್ಯುತ್ತದೆ, ಯಾರ ಹಾದಿ ಕಾಯುತ್ತಿ ಅಲ್ಲಿ ಎಂದೆ. ಅವನು ಕಪ್ಪು ಕೆಳಗಿಟ್ಟ. ಅವತ್ತು ಮಾತಾಡಿದ.

ಕುಲುಮೆಯಲ್ಲಿ ಇಬ್ಬರ ಕೆಲಸವಂತೆ. ಕೂತವನು ಇಕ್ಕಳದಲ್ಲಿ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿದು, ಸಣ್ಣ ಸುತ್ತಿಗೆಯಿಂದ ಟಣ್ ಎಂದು ತಟ್ಟಿ ಪೆಟ್ಟು ಎಲ್ಲಿಗೆ ಬೇಕೆಂದು ತೋರಿಸುತ್ತಾನೆ. ನಿಂತವನು ಘನ ಎತ್ತಿ, ಅಂದರೆ ದೊಡ್ಡ ಸುತ್ತಿಗೆ ಎತ್ತಿ, ಅಲ್ಲಿಗೇ ಹೊಡೆಯುತ್ತಾನೆ. ಕೂತವನು ತಟ್ಟದೆ ಘನ ಇಳಿಸುವ ಹಾಗಿಲ್ಲ, ಇಳಿಸಿದರೆ ಕೂತವನ ಕೈಯೇ ಹೋದೀತು. ಅಪ್ಪ ಕೂತು, ಮಗ ನಿಂತು ಹಾಗೆ ಎಷ್ಟೋ ವರ್ಷ ಕೆಲಸ ಮಾಡಿದ್ದರು. ಒಂದು ದಿನ ಹೊಲ ಹರಗುವ ಕುಂಟಿಯ ಕಬ್ಬಿಣದ ಕುಡ ಬಡಿಯುತ್ತಿದ್ದಾಗ ಟಣ್ ಎನ್ನಲಿಲ್ಲ.

"ಘನಾ ಮ್ಯಾಲ ಎತ್ತಿದ್ನಿ ಅಕ್ಕಾ," ಎಂದ. "ಈಗ ತಟ್ತಾನ, ಈಗ ತಟ್ತಾನ ಅಂತ ನಿಂತ್ನಿ. ಕಬ್ಬಿಣಾ ಕೆಂಪಿದ್ದದ್ದು ಕಪ್ಪಾತು."

ಗುತ್ತೆಪ್ಪ ಇಕ್ಕಳ ಹಿಡಿದೇ ಇದ್ದನಂತೆ, ಕಬ್ಬಿಣ ನೋಡುವವನ ಹಾಗೆ ತಲೆ ಬಗ್ಗಿಸಿ. ಕೂತಲ್ಲೇ ಜೀವ ಹೋಗಿತ್ತು. ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದ ಅಡಿವೆವ್ವ ಎದ್ದು ಬಂದು ಮುಟ್ಟಿದ ಮೇಲೆಯೇ ಗೊತ್ತಾದದ್ದು. ಕೊಟ್ರೇಶ ಘನವನ್ನು ಪಕ್ಕಕ್ಕೆ ಸಾವಕಾಶ ಇಟ್ಟ. ಆ ಪೆಟ್ಟು ಬೀಳಲೇ ಇಲ್ಲ.

"ಈಗೂ ಕೋಲು ಎತ್ತಿದ್ರ, ಚೆಂಡಿನ ಮುಂದ ಅಂವ ಕುಂತಿರ್ತಾನ. ಮ್ಯಾಲ ಹಿಡಕೊಂಡು ನಿಂತಷ್ಟೊತ್ತು ಇರ್ತಾನ. ಹೆಂಗ ಇಳಸಲಿ?"

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಅವತ್ತಿನಿಂದ ಅವನು ಕೋಲು ಎತ್ತಿ ನಿಂತಾಗೆಲ್ಲ ನನ್ನ ಕಣ್ಣು ಅವನ ಕಡೆ ಹೋಗುತ್ತಿರಲಿಲ್ಲ, ಚೆಂಡಿನ ಮುಂದಿನ ಹುಲ್ಲಿನ ಕಡೆ ಹೋಗುತ್ತಿತ್ತು. ಏನೂ ಕಾಣುತ್ತಿರಲಿಲ್ಲ. ಆದರೂ ಆ ಜಾಗ ದಾಟಿ ಹೋಗಬೇಕಾದರೆ ಸುತ್ತು ಹಾಕಿ ಹೋಗುತ್ತಿದ್ದೆ. ನಾನು, ಫರ್ಹತ!

ತಡೆಯಲಾರದೆ ಅಡಿವೆವ್ವನ ಮುಂದೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಕುಲುಮೆಯಲ್ಲಿ ಮಗ ಎಂದೂ ಹಾಗೆ ನಿಂತವನಲ್ಲ ಎಂದಳು. ಘನ ಏರುವಾಗಲೇ ಗುತ್ತೆಪ್ಪ ತಟ್ಟಿಬಿಡುತ್ತಿದ್ದ, ಅಷ್ಟರಲ್ಲಿ ಇವನ ಎಡಗಾಲು ನೆಲ ಒತ್ತಿರುತ್ತಿತ್ತು, ತಿದಿಯ ಹತ್ತಿರ ಕೂತವಳಿಗೆ ಕಾಣುವುದು ನಿಂತವರ ಕಾಲೇ ಅಲ್ಲವೇ ಎಂದಳು. ರೊಟ್ಟಿ ಮಗುಚಿ ಹಾಕಿದಳು.

"ಅಡಿಗಲ್ಲಿನ ಮ್ಯಾಲ ಕಬ್ಬಿಣಾ ಬಿಟ್ಟು ಆ ಮನಶ್ಯಾ ಎಂದೂ ಎದ್ದಾಂವಲ್ಲವಾ. ಇಂವ ಆ ಪೆಟ್ಟು ಹಾಕಲಾರದ್ದಕ್ಕ ಅಂವ ಇನ್ನೂ ಕುಂತಾನ. ಮುದುಕಗ ಮೊಣಕಾಲು ಹಿಡದಿರತಾವ."

ಮಾಲೀಕ ನೋಡುವ ದಿನ ಬಂತು. ಯಂತ್ರವೂ ಬಂದು ಶೆಡ್ಡಿನಲ್ಲಿ ನಿಂತಿತ್ತು. ಮಾಲೀಕ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತ, ಹುಲಗೇಶ ಪೆಟ್ಟಿಗೆ ಇಟ್ಟ. ಕೊಟ್ರೇಶ ಕೋಲು ಎತ್ತಿದ, ನಿಂತ, ಹೊಡೆದ. ಚೆಂಡು ಉರುಳಿಕೊಂಡು ಹೋಗಿ ಹುಲ್ಲಿನಲ್ಲಿ ಕೂತಿತು. ಇನ್ನೊಂದು ಇಟ್ಟರು. ಅದೂ ಹಾಗೇ. ಮಾಲೀಕ ಮೊಬೈಲು ತೆಗೆದ. ಸಾಕು ಎನ್ನುವುದಕ್ಕೆ ಕೆಲವರು ಹಾಗೆ ಮಾಡುತ್ತಾರೆ.

ಆಗ ಅಡಿವೆವ್ವ ಕ್ಯಾಂಟೀನಿನ ಕಟ್ಟೆ ಇಳಿದು ನಡೆದಳು. ಅವಳು ಬಂದದ್ದು ನನಗೆ ಗೊತ್ತಿತ್ತು, ಸೆರಗಿನಲ್ಲಿ ಏನು ಸುತ್ತಿಕೊಂಡಿದ್ದಳೋ ಅದು ಗೊತ್ತಿರಲಿಲ್ಲ. ಗುತ್ತೆಪ್ಪನ ಸಣ್ಣ ಸುತ್ತಿಗೆ. ಬಲೆ ಕಟ್ಟಿದ ಕಬ್ಬಿಣದ ಕಂಬದ ಬುಡದಲ್ಲಿ, ಮಗನಿಗೆ ಕಾಣುವ ಹಾಗೆ ಕುಕ್ಕರುಗಾಲಿನಲ್ಲಿ ಕೂತಳು. ಯಾರಿವಳು ಎಂದು ಮಾಲೀಕ ಕೇಳಿದ. ಅವನ ತಾಯಿ, ಒಂದು ಗಳಿಗೆ ಸುಮ್ಮನೆ ಕೂತ್ಕೊಳ್ಳಿರಿ ಎಂದೆ. ಅನ್ನ ಕೊಡುವವನಿಗೆ ಹಾಗೆ ಹೇಳಬಾರದು, ಹೇಳಿದೆ.

"ನಾ ತಟ್ಟತೇನಿ," ಎಂದಳು ಮಗನಿಗೆ. "ನೀ ಹೊಡಿ."

ಅವನು ಕೋಲು ಎತ್ತಿದ. ಅದು ಇನ್ನೂ ಹೆಗಲು ಮುಟ್ಟಿರಲಿಲ್ಲ, ಟಣ್ ಎಂದಿತು. ಎಡಗಾಲು ನೆಲ ಒತ್ತಿತು, ಸೊಂಟ ತಿರುಗಿತು, ಕೋಲು ಸಿಳ್ಳೆ ಹಾಕಿ ಇಳಿಯಿತು. ಚೆಂಡು ಬಾವುಟ ದಾಟಿ ಆಚೆಯ ಬಲೆಗೆ ಬಡಿಯಿತು. ಹುಲಗೇಶ ಅಂಕಿ ನೋಡಿ, ನಂಬದೆ ಪೆಟ್ಟಿಗೆಯನ್ನೇ ಅಲ್ಲಾಡಿಸಿದ. ಮಾಲೀಕ ಎದ್ದು ನಿಂತ.

ನಾನು ನೋಡುತ್ತಿದ್ದದ್ದು ಅಡಿವೆವ್ವನ ಕೈಯನ್ನು. ಸುತ್ತಿಗೆ ಇನ್ನೂ ಮೇಲೆಯೇ ಇತ್ತು. ಅವಳು ತಟ್ಟಿರಲಿಲ್ಲ. ಟಣ್ ಎಂದದ್ದು ನನ್ನ ಕಿಟಲಿಯ ಮುಚ್ಚಳ ಎನ್ನುವವರು ಎನ್ನಲಿ. ಕಿಟಲಿ ಒಳಗಿತ್ತು, ಒಲೆ ಆರಿತ್ತು. ಅಲ್ಲಾಹನ ಆಣೆ, ನನ್ನ ಕಿವಿ ಇನ್ನೂ ಚೆನ್ನಾಗಿದೆ.

ಕೊಟ್ರೇಶ ಚೆಂಡಿನ ಕಡೆ ನೋಡಲೇ ಇಲ್ಲ. ಎದುರಿನ ಹುಲ್ಲನ್ನು ನೋಡುತ್ತಿದ್ದ. ಅವನ ಕಣ್ಣುಗಳು ನೆಲದಿಂದ ಮೆಲ್ಲಗೆ ಮೇಲೆದ್ದವು, ಕೂತವರು ಎದ್ದು ನಿಂತಾಗ ನಾವು ನೋಡುತ್ತೇವಲ್ಲ, ಹಾಗೆ. ಆಮೇಲೆ ಗೇಟಿನ ಕಡೆ ಹೊರಳಿದವು. ಅಲ್ಲಿಂದಾಚೆ ಹೆದ್ದಾರಿ, ಲಾರಿಗಳು.

"ಅಪ್ಪ ಎದ್ದ," ಎಂದು ಕೋಲು ಕೆಳಗಿಟ್ಟು, ಮುಖ ಮುಚ್ಚಿಕೊಂಡು ಅತ್ತ.

ಕೆಲಸ ಸಿಕ್ಕಿತು. ಈಗ ಅವನೇ ಸಾಹುಕಾರರಿಗೆ ಹೇಳಿಕೊಡುತ್ತಾನೆ, ಮ್ಯಾಲ ನಿಂದ್ರಬ್ಯಾಡ್ರಿ, ಕಾಲಿನಿಂದ ಶುರು ಮಾಡ್ರಿ ಎಂದು. ಎಲ್ಲರೂ ಖುಷಿಪಟ್ಟರು. ನಾನೂ ಪಟ್ಟೆ, ಸುಳ್ಳು ಯಾಕೆ ಹೇಳಲಿ.

ಆದರೆ ಅವತ್ತು, ಎಲ್ಲರೂ ಕೊಟ್ರೇಶನ ಬೆನ್ನು ತಟ್ಟುತ್ತಿದ್ದಾಗ, ಅಡಿವೆವ್ವ ಕಂಬದ ಬುಡದಲ್ಲೇ ಕೂತಿದ್ದಳು. ಎತ್ತಿದ ಕೈ ಹಾಗೇ ಇತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಗೇಟಿನ ಕಡೆ ನೋಡುತ್ತ ಹೇಳಿದಳು:

"ಆವತ್ತೂ ಹೋಗೂಮುಂದ ಆ ಮನಶ್ಯಾ ನನಗ ಒಂದ್ ಮಾತು ಹೇಳಲಿಲ್ಲ. ಇವತ್ತೂ ನನ್ ಕಡೆ ನೋಡಲಿಲ್ಲ."