ತಿಕೋಟಾದ ಕಾಕು ಮತ್ತು ಕ್ಷಯದ ಸೂಜಿ

ಹೋದ ವಾರ ಜಲನಗರದ ದವಾಖಾನೆಯಲ್ಲಿ ರಕ್ತ ತಪಾಸಣೆಗೆ ಕೂತಿದ್ದೆ. ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ತಣ್ಣನೆಯ, ಮೂಗಿಗೆ ಅಡರುವ ವಾಸನೆ... ಹಲ್ಲು ಕಚ್ಚಿದೆ. ನನಗೆ ಹೆದರಿಕೆಯಾಯಿತೆಂದು ಆಕೆ ತಿಳಿದಳು. ಹೆದರಿಕೆಯಲ್ಲ, ಸಿಟ್ಟು.

ಎಪ್ಪತ್ತರ ದಶಕದಲ್ಲಿ ನಾವು ತಿಕೋಟಾದಲ್ಲಿದ್ದೆವು. ಪಕ್ಕದ ಮನೆಯ ಹೆಂಗಸನ್ನು ನಾನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಜೈನಾಪುರದ ಒಕ್ಕಲು ಮನೆಯ ಮಗಳು. ಗಂಡನದು ಅರಿವೆ-ಬಟ್ಟೆಯ ಅಂಗಡಿ. ಓಣಿಯಲ್ಲಿ ಅತ್ತೆ-ಸೊಸೆ ಜಗಳಾಡಿದರೆ ಇಬ್ಬರೂ ಬರುತ್ತಿದ್ದುದು ಕಾಕುವಿನ ಕಟ್ಟೆಗೇ. ಅವರು ಶೇಂಗಾ ಸುಲಿಯುತ್ತ ಪೂರ್ತಿ ಕೇಳುತ್ತಿದ್ದರು, ನಡುವೆ ಬಾಯಿ ಹಾಕುತ್ತಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಬಂದವರ ಅರ್ಧ ಸಿಟ್ಟು ಇಳಿದಿರುತ್ತಿತ್ತು.

ಆ ಕಾಕುಗೆ ಕ್ಷಯ ಬಂತು. ಊರಿನ ಡಾಕ್ಟರು ದಿನಾ ಸ್ಟ್ರೆಪ್ಟೊಮೈಸಿನ್ ಸೂಜಿ ಶುರು ಮಾಡಿದರು. ನಾನು ಕಾಲೇಜಿನ ರಜೆಯಲ್ಲಿದ್ದೆ, ಜೊತೆಗೆ ಹೋಗುತ್ತಿದ್ದೆ. ಕೆಮ್ಮು ಕಡಿಮೆಯಾಯಿತು, ಜ್ವರ ಬಿಟ್ಟಿತು. ಆದರೆ ಒಂದು ಬೆಳಿಗ್ಗೆ ಕಾಕು, "ಡಾಕ್ಟರ, ಕಿವ್ಯಾಗ ಗುಂಯ್ ಅನ್ನಾಕತ್ತೈತ್ರಿ. ನಡದ್ರ ತೋಲ ಹೋಗತೈತಿ, ಗ್ವಾಡಿ ಹಿಡೀಬೇಕು" ಎಂದು ಗೋಡೆಗೆ ಕೈಯೂರಿ ತೋರಿಸಿದರು.

"ಅಶಕ್ತಿ ಅದು. ಹಾಲು ಕುಡಿ," ಎಂದು ಆತ ಸ್ಪಿರಿಟ್ ಒರೆಸಿ ಸೂಜಿ ಚುಚ್ಚಿದ.

ಮರುದಿನವೂ ಹೇಳಿದರು. ಆಮೇಲೆ ಮತ್ತೆ ಹೇಳಿದರು. "ಹೆಣ್ಮಕ್ಕಳದು ಇದ್ದದ್ದ ಇದು," ಎಂದು ಆತ ನನ್ನ ಕಡೆ ನೋಡಿ ನಕ್ಕ. ಸೂಜಿ ನಿಲ್ಲಲಿಲ್ಲ, ಪ್ರಮಾಣವೂ ಇಳಿಯಲಿಲ್ಲ. ಆ ಚಿಕಿತ್ಸೆ ಮುಗಿಯುವ ಹೊತ್ತಿಗೆ ಕಾಕುವಿನ ಎರಡೂ ಕಿವಿ ಹೋಗಿದ್ದವು.

ಗಂಡನನ್ನೂ ನನ್ನನ್ನೂ ಕರೆದುಕೊಂಡು ಅವರೇ ಕೇಳಲು ಹೋದರು. ಡಾಕ್ಟರ್ ಕಾಕುವಿನತ್ತ ನೋಡದೆ ಗಂಡನಿಗೆ, "ಜೀವ ಉಳೀತಲ್ಲ, ಇನ್ನೇನ ಬೇಕಂತ ಆಕಿಗೆ?" ಎಂದ.

ಕಾಕು ಆತನ ತುಟಿಯನ್ನೇ ನೋಡುತ್ತಿದ್ದರು. ತಮ್ಮ ದನಿ ಎಷ್ಟು ಏರಿದೆಯೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಹೊರಗೆ ಕೂತವರಿಗೆಲ್ಲ ಕೇಳುವಂತೆ ಹೇಳಿದರು: "ಜೀವ ಉಳಿಸೀರಿ, ಕೈ ಮುಗೀತೀನಿ. ಆದ್ರ ಕಿವಿ ಹೊಂಟಾವಂತ ನಾ ಹೇಳಿದ್ನೆಲ್ರಿ... ಆವಾಗ ನಿಮಗ ಕಿವಿ ಇದ್ದಿಲ್ಲೇನು?"

ಆತ ಮುಂದಿನ ರೋಗಿಯನ್ನು ಕರೆದ.

ಆ ಸಿಟ್ಟಿಗೇ ನಾನು ಔಷಧಶಾಸ್ತ್ರ ಓದಿದೆ, ಬಹಳ ವರ್ಷ ಅದನ್ನೇ ಕಲಿಸಿದೆ. ಮದ್ದು ನಾವು ಕಳಿಸಿದ ಕಡೆಗಷ್ಟೇ ಹೋಗುವುದಿಲ್ಲ. ರಕ್ತ ಅದನ್ನು ಮೈತುಂಬ ಒಯ್ಯುತ್ತದೆ. ಶ್ವಾಸಕೋಶದ ರೋಗಾಣುವನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಒಳಗಿವಿಗೂ ಇಳಿಯುತ್ತದೆ. ಅದನ್ನು ಹೊರಹಾಕಬೇಕಾದದ್ದು ಮೂತ್ರಪಿಂಡ. ಅದು ನಿಧಾನವಾದರೆ, ಇಲ್ಲವೇ ಬಡಕಲು ಮೈಗೆ ಪ್ರಮಾಣ ಹೆಚ್ಚಾದರೆ, ಮದ್ದು ರಕ್ತದಲ್ಲಿ ಏರುತ್ತ ಹೋಗುತ್ತದೆ. ಒಳಗಿವಿಯ ಸೂಕ್ಷ್ಮ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗುಂಯ್‌ಗುಟ್ಟುವುದು, ನಡೆಯುವಾಗ ಸಮತೋಲ ತಪ್ಪುವುದು ಅದರ ಮೊದಲ ಸೂಚನೆ. ಬದಲಿ ಮದ್ದುಗಳು ಆಗಲೂ ಇದ್ದವು. ಸೂಚನೆ ಬಂದಿತ್ತು, ನಮ್ಮ ಮನೆಮಾತಿನಲ್ಲೇ, ಸ್ಪಷ್ಟವಾಗಿ ಬಂದಿತ್ತು. ಔಷಧದ ಮೇಲೆ ನಾನೇಕೆ ಸಿಟ್ಟಾಗಲಿ? ಅದು ತನ್ನ ಗುಣದಂತೆ ನಡೆಯಿತು.

ಹೆಂಗಸರು ಕಟ್ಟೆಗೆ ಬರುವುದು ಮೆಲ್ಲಮೆಲ್ಲಗೆ ನಿಂತಿತು. ಆಮೇಲೆ ಅವರ ಮನೆಯಲ್ಲೇ ಸೊಸೆಯಂದಿರು ಜಗಳಾಡುತ್ತಿದ್ದರು. ಕಾಕು ನಡುವೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು... ಮನೆ ಪಾಲಾಯಿತು.

ಈ ಬೇಸಿಗೆಯಲ್ಲಿ ಕಾಕು ತೀರಿಕೊಂಡರು. ಮಣ್ಣು ಮಾಡಿದ ಮೇಲೆ ಅವರ ಮೊಮ್ಮಗಳು, ಈಗ ಬಬಲೇಶ್ವರದ ಸಾಲಿಯಲ್ಲಿ ಮಾಸ್ತರಿಕೆ ಮಾಡುವವಳು, ನನ್ನ ಪಕ್ಕ ಬಂದು ಕೂತಳು. "ಸಣ್ಣಾಕಿದ್ದಾಗ ನಾ ಎಷ್ಟ ಕರದ್ರೂ ಆಯಿ ತಿರುಗಿ ನೋಡ್ತಿದ್ದಿಲ್ರಿ," ಎಂದಳು. "ಆಕಿಗೆ ನನ್ನ ಮ್ಯಾಲ ಸಿಟ್ಟಂತ ತಿಳಕೊಂಡಿದ್ದೆ."

ಆ ಮಾತು ಆ ಡಾಕ್ಟರನಿಗೆ ಕೇಳಿಸಬೇಕಿತ್ತು.