ಮಗುಚಿಟ್ಟ ಲೋಟ

ತಂಡದವರೆಲ್ಲ ‘ಅಕ್ಕ’ ಎಂದು ಕರೆಯುತ್ತಿದ್ದ ಮಹಿಳೆಯೊಬ್ಬರು, ಕೆಟ್ಟುನಿಂತ ಫ್ರಿಜ್ಜು, ವಾಷಿಂಗ್ ಮೆಷಿನ್‌ಗಳ ದೂರುಗಳನ್ನು ಫೋನಿನಲ್ಲಿ ಕೇಳುವ ತಂಡವೊಂದರ ಮುಖ್ಯಸ್ಥೆಯಾಗಿದ್ದರು. ತಂಡವೆಂದರೆ ಒಂದೇ ಸೂರಿನ ಕೆಳಗಿನ ಜನರಲ್ಲ. ಊರಿಗೊಬ್ಬರಂತೆ ತಮ್ಮ ತಮ್ಮ ಮನೆಗಳಲ್ಲೇ ಕುಳಿತು, ಹೆಡ್‌ಫೋನ್ ಹಾಕಿಕೊಂಡು ಗಿರಾಕಿಗಳ ಬೈಗುಳಕ್ಕೆ ಕಿವಿಗೊಡುವವರು. ಅಕ್ಕನ ಕಚೇರಿಯೋ, ಅಡುಗೆಮನೆಗೆ ಅಂಟಿಕೊಂಡ ಕಿರುಕೋಣೆ. ಬಟ್ಟೆ ಇಸ್ತ್ರಿ ಮಾಡುವ ಮೇಜಿನ ಮೇಲೆ ಕಂಪ್ಯೂಟರು. ಅದರ ಪರದೆಯ ಚೌಕಗಳಲ್ಲಿ ದಿನವಿಡೀ ತಂಡದವರ ಮುಖಗಳು.

ಅವರು ರೂಢಿಗೆ ತಂದ ಪದ್ಧತಿಯೊಂದಿತ್ತು. ಮನೆಯಲ್ಲಿ ತುರ್ತು ಬಂದವರು ತಮ್ಮ ಲೋಟವನ್ನು ಕ್ಯಾಮೆರಾದ ಮುಂದೆ ಮಗುಚಿಟ್ಟು ಎದ್ದು ಹೋಗಬಹುದು. ಕಾರಣ ಕೇಳುವಂತಿಲ್ಲ, ಕಂಡವರು ಅವರ ಕರೆಗಳನ್ನು ತಮ್ಮತ್ತ ಎಳೆದುಕೊಳ್ಳಬೇಕು. ಕಂಪನಿಯ ನಿಯಮದಲ್ಲಿ ಇದಕ್ಕೆ ಜಾಗವಿರಲಿಲ್ಲ. ಆದ್ದರಿಂದ ಕಚೇರಿಗೆ ಇದರ ಸುಳಿವನ್ನೂ ಕೊಟ್ಟಿರಲಿಲ್ಲ.

ಲೋಟ ಹೆಚ್ಚಾಗಿ ಮಗುಚುತ್ತಿದ್ದವನು, ಹಾಸಿಗೆ ಹಿಡಿದ ತಾಯಿಗಾಗಿ ಲಾರಿ ಓಡಿಸುವುದನ್ನು ಬಿಟ್ಟು ಈ ಕೆಲಸಕ್ಕೆ ಸೇರಿದ್ದ ಡ್ರೈವರಣ್ಣ.

“ಏನಣ್ಣ, ನಿನ್ನ ಲೋಟಕ್ಕೆ ನೆಟ್ಟಗೆ ನಿಲ್ಲೋದೇ ಮರೆತುಹೋಯ್ತಾ?” ಎಂದು ಅಕ್ಕ ಛೇಡಿಸುತ್ತಿದ್ದರು.

“ಲಾರೀನೇ ಪಲ್ಟಿ ಮಾಡದವನು ಅಕ್ಕ, ಈಗ ಲೋಟ ಪಲ್ಟಿ ಮಾಡಿ ಹೆಸರು ಕೆಡಿಸ್ಕೊಂಡೆ!”

ಅಕ್ಕನ ಮನೆಯ ಮಹಡಿಯಲ್ಲೇ ಅವರ ನಾದಿನಿಯ ವಾಸ. ಅವಳನ್ನು ತಂಡಕ್ಕೆ ಸೇರಿಸಿ, ಕೆಲಸ ಕಲಿಸಿದವರೂ ಅಕ್ಕನೇ. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಬೇಕಾದಾಗ ತಂಡವನ್ನು ಅವಳ ಕೈಗೇ ಒಪ್ಪಿಸಿದರು. “ನೀವು ನಿಶ್ಚಿಂತೆಯಿಂದ ಮಲ್ಕೊಳ್ಳಿ ಅತ್ತಿಗೆ, ನಾನಿದ್ದೀನಲ್ಲ” ಎಂದು ನಾದಿನಿ ದಿಂಬು ಸರಿಪಡಿಸಿ ಹೋಗಿದ್ದಳು.

ಚೇತರಿಸಿಕೊಂಡು ಕೆಲಸಕ್ಕೆ ಮರಳಿದ ದಿನವೇ ಕಚೇರಿಯ ಸಾಹೇಬರು ಪರದೆಯ ಮೇಲೆ ಸಭೆ ಕರೆದರು. ಶಿಸ್ತಿನ ಬಗ್ಗೆ ಮಾತಾಡುತ್ತಲೇ ಕಾಫಿ ಮುಗಿಸಿ, ಬರಿದಾದ ಲೋಟವನ್ನು ಕ್ಯಾಮೆರಾದ ಮುಂದೆ ನಿಧಾನವಾಗಿ ಮಗುಚಿಟ್ಟರು.

“ಈಗ ನಾನೂ ಎದ್ದು ಹೋಗ್ಬಹುದು, ಅಲ್ವಾ? ನನ್ನ ಕೆಲಸ ಯಾರು ಮಾಡ್ತೀರಿ?”

ಡ್ರೈವರಣ್ಣನನ್ನು ಅಂದಿನಿಂದಲೇ ಕೆಲಸದಿಂದ ತೆಗೆದರು. ನಾದಿನಿಯೇ ಮುಖ್ಯಸ್ಥೆಯಾಗಿ ಮುಂದುವರಿಯುವಳೆಂದರು. ಅಕ್ಕನಿಗೆ ಉಳಿದದ್ದು ಕರೆ ಕೇಳುವ ಕೆಲಸ ಮಾತ್ರ.

ಮಧ್ಯಾಹ್ನ ಡ್ರೈವರಣ್ಣನೇ ಫೋನ್ ಮಾಡಿದ. “ಅಮ್ಮನ್ನ ತೊಳೆಯೋಕೆ ಎದ್ದಿದ್ದೆ ಅಂತ ಸಾಹೇಬ್ರಿಗೆ ಹೇಳಿದ್ಯಾರು ಅಕ್ಕ?”

“ನಾನಲ್ಲಪ್ಪ. ಆಸ್ಪತ್ರೇಲಿದ್ದೆ.”

“ಕೆಳಗಿನ ಮನೆಗೆ ಗೊತ್ತಿಲ್ದೆ ಮೇಲಿನ ಮನೆ ಬಾಯಿ ಬಿಡುತ್ತಾ? ನಿಮ್ಮ ಕೆಲಸ ಉಳೀತು. ನನ್ನದು ಹೋಯ್ತು. ಅಷ್ಟೇ.” ಅವನು ಫೋನ್ ಇಟ್ಟುಬಿಟ್ಟ.

ಅಕ್ಕ ಹೊಲಿಗೆಯ ನೋವಿನಲ್ಲೇ ಮೆಟ್ಟಿಲು ಹತ್ತಿದರು. ನಾದಿನಿ ಬಟ್ಟೆ ಮಡಿಸುತ್ತಿದ್ದಳು.

“ಕೇಳಿದ್ರು, ಹೇಳ್ದೆ,” ಎಂದಳು, ತಲೆಯೆತ್ತದೆ. “ಮುಂದೆ ಹೇಗಿದ್ರೂ ಗೊತ್ತಾಗ್ತಿತ್ತು. ‘ಅತ್ತಿಗೆಗೂ ಇದು ಸರಿ ಕಾಣ್ತಿರ್ಲಿಲ್ಲ, ಹೇಳೋಕೆ ಅವರೇ ಒಪ್ಪಿದ್ದಾರೆ’ ಅಂತ ನಿಮ್ಮ ಹೆಸರೂ ಸೇರಿಸ್ದೆ. ಇಲ್ಲಾಂದ್ರೆ ನಿಮ್ಮನ್ನೂ ತೆಗೀತಿದ್ರು.”

“ನನ್ನ ಹೆಸರು ಹೇಳಿ ಅವನ ಅನ್ನ ಕಿತ್ಕೊಂಡ್ಯಾ?”

“ನಿಮ್ಮ ಒಳ್ಳೇದಕ್ಕೇ ಅತ್ತಿಗೆ.”

“ಉಂಡ ಮನೆಯ ಜಂತೆ ಎಣಿಸೋರ ಬಗ್ಗೆ ಕೇಳಿದ್ದೆ,” ಎಂದರು ಅಕ್ಕ. “ನಮ್ಮನೇಲೇ ಇದ್ದಾರೆ ಅಂತ ಗೊತ್ತಿರ್ಲಿಲ್ಲ.”

ತಂಡದವರಿಗೆ ನಿಜವನ್ನು ವಿವರಿಸಲು ಅವರು ಒಬ್ಬೊಬ್ಬರಿಗೂ ಫೋನ್ ಮಾಡಿದರು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು; “ಬಿಡಿ ಅಕ್ಕ, ಆದದ್ದಾಯ್ತು” ಎಂದರು. ನಂಬಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಕೆಲವು ದಿನಗಳ ನಂತರ, ಕರೆಗಳ ನಡುವೆ, ಹೊಲಿಗೆಯ ಜಾಗದಲ್ಲಿ ಕೂರಲಾಗದಷ್ಟು ನೋವು ಎದ್ದಿತು. ಮುಖ್ಯಸ್ಥೆಯಾಗಿದ್ದಷ್ಟು ಕಾಲ ಒಮ್ಮೆಯೂ ಲೋಟ ಮಗುಚದಿದ್ದ ಅಕ್ಕ, ಅಂದು ಉಳಿದ ನೀರನ್ನು ಕುಡಿದು ಲೋಟವನ್ನು ಕ್ಯಾಮೆರಾದ ಮುಂದೆ ಮಗುಚಿಟ್ಟರು. ಚೌಕಗಳಲ್ಲಿ ಎಲ್ಲರೂ ಇದ್ದರು. ಅವರ ಪಾಲಿನ ಕರೆ ಬಡಿದುಕೊಳ್ಳತೊಡಗಿತು. ಯಾರೂ ಅದನ್ನು ಎಳೆದುಕೊಳ್ಳಲಿಲ್ಲ.

“ಮಹಡಿ ಮೇಲೆ ಕುರ್ಚಿ ಸರಿದ ಸದ್ದಾಯ್ತು,” ಎಂದು ಅಕ್ಕ ಆಮೇಲೊಮ್ಮೆ ನೆನೆದರು. “ಅವಳಾದ್ರೂ ತಗೋತಾಳೆ ಅಂದ್ಕೊಂಡೆ.”

ಅಂದು ಕರೆ ಬಡಿಯುತ್ತಲೇ ಇತ್ತು. ಅವರು ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದರಿಂದ ಲೋಟವನ್ನು ನೆಟ್ಟಗೆ ನಿಲ್ಲಿಸಿದರು.

“ನಮಸ್ಕಾರ, ಹೇಳಿ. ನಿಮ್ಮ ಮೆಷಿನ್‌ಗೆ ಏನಾಗಿದೆ?”